ಬ್ರೇಕ್ ಅಕ್ಕ ವಾದಕ್ಕೆ ನಿಂತದ್ದು

ಬ್ರೇಕ್ ಅಕ್ಕನಿಗೆ ಆ ಹೆಸರನ್ನು ಮೊದಲು ಯಾರು ಇಟ್ಟರೋ ಗೊತ್ತಿಲ್ಲ, ಇಟ್ಟವರು ಮಾತ್ರ ನೋಡಿಯೇ ಇಟ್ಟಿದ್ದರು. ಒಂದೇ ಒಂದು ಕಾರಿನ ಡ್ರೈವಿಂಗ್ ಸ್ಕೂಲು ಅವಳದು. ಕಲಿಯುವವರು ಸ್ಟೀರಿಂಗ್ ಹಿಡಿದು ಬೆವರುತ್ತಿದ್ದರೆ ಅವಳು ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಗೆ ಹಾಕಿಸಿಕೊಂಡಿದ್ದ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರುತ್ತಿದ್ದಳು. ವರ್ಷಗಟ್ಟಲೆ ತುಳಿದೂ ತುಳಿದೂ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ನೀರಿನ ಲೋಟ ಎಡವಿದರೂ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

ಇಂಥವಳು ವಕೀಲೆಯಾದದ್ದಕ್ಕೆ ಕಾರಣ ಒಂದು ಸಣ್ಣ ಅಪಘಾತ. ಅವಳ ಬಳಿ ಕಲಿತು ಹೋದವನೊಬ್ಬ ರಸ್ತೆ ಬದಿ ನಿಂತಿದ್ದ ವ್ಯಾನಿಗೆ ಕಾರು ಉಜ್ಜಿದ. ವಿಷಯ ಕೋರ್ಟಿಗೆ ಹೋಯಿತು. ಅವನ ಪರವಾಗಿ ಸಾಕ್ಷಿ ಹೇಳಲು ಅಕ್ಕನನ್ನು ಕರೆಸಿದರು. ಎದುರು ಪಕ್ಷದ ವಕೀಲರು ತೆಳ್ಳಗಿನ ಹಿರಿಯ ಹೆಂಗಸು, ಗಿಡಕ್ಕೆ ನೀರು ಹಾಕುವವರ ಹಾಗೆ ಮೆಲುದನಿ. ಅವರು ಒಂದೊಂದೇ ಪ್ರಶ್ನೆ ಕೇಳಿದರು. ಅಕ್ಕ ಒಂದೊಂದಕ್ಕೂ "ಹೌದು" ಅಂದಳು. ಕೊನೆಯ ಹೌದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು: ತನ್ನ ಹುಡುಗನ ತಪ್ಪನ್ನು ತಾನೇ ಅಚ್ಚುಕಟ್ಟಾಗಿ ಸಾಬೀತು ಮಾಡಿಕೊಟ್ಟಿದ್ದಾಳೆ!

ಬೇರೆಯವರಾಗಿದ್ದರೆ ಶಾಪ ಹಾಕುತ್ತಾ ಮನೆಗೆ ಹೋಗುತ್ತಿದ್ದರು. ಅಕ್ಕನಿಗೆ ಕೋಪ ಬರಲಿಲ್ಲ. ಮೈ ಜುಮ್ಮೆಂದಿತು. ದಾರಿಯುದ್ದಕ್ಕೂ ಆ ಪ್ರಶ್ನೆಗಳನ್ನೇ ಬಾಯಲ್ಲಿ ಆಡಿಸಿಕೊಂಡು ಬಂದು, ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದ ಗಂಡನ ಎದುರು ನಿಂತಳು. ಅವನದು ಎಲೆಕ್ಟ್ರಿಕ್ ರಿಪೇರಿ ಕೆಲಸ.

"ರೀ, ನಾನು ಲಾ ಓದ್ತೀನಿ."

"ಯಾವಾಗ?"

"ಸಂಜೆ ಕಾಲೇಜಿದೆ."

"ಸಂಜೆ ಅಡಿಗೆ?"

"ನೀವು."

ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟು ಯೋಚನೆ ಮಾಡಿದ. "ಸರಿ. ಆದ್ರೆ ಉಪ್ಪು ಎಷ್ಟು ಅಂತ ಫೋನ್ ಮಾಡ್ತೀನಿ. ಕ್ಲಾಸಲ್ಲಿದ್ರೂ ಎತ್ಬೇಕು."

ಒಳಗಿನಿಂದ ಅತ್ತೆ ನಿಟ್ಟುಸಿರು ಬಿಟ್ಟದ್ದು ಹೊರಗೂ ಕೇಳಿಸಿತು. "ಮೊದ್ಲೇ ಇವಳ ಹತ್ರ ಮಾತಲ್ಲಿ ಗೆಲ್ಲೋಕಾಗಲ್ಲ. ಇನ್ನು ಅದಕ್ಕೆ ಸರ್ಟಿಫಿಕೇಟ್ ಬೇರೆ!"

ಹೀಗೆ ಬೆಳಗ್ಗೆ ಕಾರು, ಸಂಜೆ ಕಾಯಿದೆ ಅಂತ ಓದಿ, ಒಂದು ಪೇಪರಿನಲ್ಲಿ ಬಿದ್ದು ಎದ್ದು, ಕೊನೆಗೆ ಅಕ್ಕ ಪಾಸಾದಳು. ವಕೀಲಿಕೆಯ ಸನದು ಕೈಗೆ ಬಂದ ದಿನ ಮಗಳಿಗೆ ಹೈಸ್ಕೂಲಿನ ಕೊನೆಯ ಪರೀಕ್ಷೆ. ಯಾರು ಯಾರನ್ನು ಅಭಿನಂದಿಸಬೇಕು ಅಂತ ತಿಳಿಯದೆ ಅಮ್ಮ ಮಗಳು ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಕಾರನ್ನೂ ಕಲಿಯುವವರನ್ನೂ ನಾದಿನಿಗೆ ಒಪ್ಪಿಸಿ, ಅಕ್ಕ ನೆಟ್ಟಗೆ ಹೋಗಿ ಬಾಗಿಲು ತಟ್ಟಿದ್ದು ಅದೇ ತೆಳ್ಳಗಿನ ವಕೀಲರ ಆಫೀಸಿನದು. ಅಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುತ್ತಿದ್ದರು.

"ಸಾಕ್ಷಿಗೆ ನಿಂತಾಗ ನನ್ನ ನೀರಿಳಿಸಿದ್ರಿ ಮೇಡಂ. ನೆನಪಿದೆಯಾ?"

ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಬೇಕಾದಷ್ಟು ಜನರದ್ದು ಇಳಿಸಿದ್ದೀನಮ್ಮ. ಕೋಪ ಇದೆಯಾ?"

"ಕೋಪ ಇಲ್ಲ. ಅದು ಹೇಗೆ ಮಾಡಿದ್ರಿ ಅಂತ ಕಲೀಬೇಕು."

ದೊಡ್ಡ ಮೇಡಂ ನಕ್ಕರು. ಆ ವರ್ಷ ಆಫೀಸು ಸೇರಿಸಿಕೊಂಡ ಹೊಸಬರಲ್ಲಿ ಅಕ್ಕನೂ ಒಬ್ಬಳಾದಳು. ಉಳಿದವರೆಲ್ಲ ಕಾಲೇಜಿನಿಂದ ನೇರ ಬಂದ ಎಳೆಯರು. ಮೊದಲ ದಿನ ಅವಳು ಒಳಗೆ ಬಂದಾಗ ಕಕ್ಷಿದಾರಳು ಅಂದುಕೊಂಡು ಎದ್ದು ಕುರ್ಚಿ ಕೊಟ್ಟರು.

ಆಫೀಸು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಕೆಳಗೆ ಚಪ್ಪಲಿ ಅಂಗಡಿ. ಹತ್ತುವಾಗ ಮೊದಲ ಮಹಡಿಯವರೆಗೂ ಹೊಸ ತೊಗಲಿನ ವಾಸನೆ, ಆಮೇಲೆ ಹಳೇ ಕಾಗದದ ವಾಸನೆ. ಗುದ್ದಿದರೆ ಮಾತ್ರ ಓಡುವ ಪ್ರಿಂಟರು, ಗೋಡೆಗೆ ಒರಗಿದ ಕಡತಗಳ ಕಟ್ಟುಗಳು, ಕಿಟಕಿ ಪಕ್ಕ ಹೊಸಬರಿಗೆ ಅಂತ ಬಿಟ್ಟ ಒಂದು ಉದ್ದನೆ ಮೇಜು. ಅಕ್ಕ ಆ ಮೇಜಿನ ಮೇಲೆ ಕೈಯಾಡಿಸಿ ನೋಡಿದಳು. ಇಷ್ಟು ದಿನ ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟು ಕೂತವಳಿಗೆ ಈಗ ತನ್ನದೇ ಕೆಲಸ, ತನ್ನದೇ ಕುರ್ಚಿ!

ಅಲ್ಲಿಯ ಪದ್ಧತಿ ಏನೆಂದರೆ, ಪ್ರತಿ ಹೊಸಬರಿಗೂ ಕೆಲವು ವರ್ಷ ಅನುಭವ ಇರುವ ಒಬ್ಬ ವಕೀಲರು ಗುರು. ಬರೆದದ್ದನ್ನು ಅವರು ತಿದ್ದಬೇಕು, ಕೋರ್ಟಿಗೆ ಜೊತೆಗೆ ಕರೆದೊಯ್ಯಬೇಕು. "ನಿನ್ನ ಗುರು ಈಗ ಬರ್ತಾರೆ" ಅಂದರು ದೊಡ್ಡ ಮೇಡಂ. ಬಾಗಿಲು ತೆರೆಯಿತು. ಕರಿಕೋಟು ತೋಳಿಗೆ ಹಾಕಿಕೊಂಡ ಯುವಕನೊಬ್ಬ ಒಳಗೆ ಬಂದು, ಅಕ್ಕನನ್ನು ನೋಡಿ, ಬಂದ ದಾರಿಯಲ್ಲೇ ವಾಪಸ್ ಹೋಗುವವನ ಹಾಗೆ ಒಂದು ಹೆಜ್ಜೆ ಹಿಂದಿಟ್ಟ.

ಜರ್ಕಪ್ಪ!

ಅಕ್ಕನ ಕಾರಿನಲ್ಲಿ ಕಲಿತವರಲ್ಲಿ ಇವನಷ್ಟು ಕಾಟ ಕೊಟ್ಟವರು ಇನ್ನೊಬ್ಬರಿಲ್ಲ. ಕ್ಲಚ್ ಬಿಟ್ಟರೆ ಕಾರು ಜಿಗಿಯುತ್ತಿತ್ತು, ಜಿಗಿದು ಆಫ್ ಆಗುತ್ತಿತ್ತು. ಹಿಂದೆ ಬಸ್ಸು ಹಾರ್ನ್ ಹೊಡೆದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಜರ್ಕಪ್ಪ ಅನ್ನುವ ಹೆಸರು ಅಕ್ಕನೇ ಇಟ್ಟದ್ದು. ಅವನು ಕೊನೆಗೂ ಲೈಸೆನ್ಸ್ ಪಡೆದ ದಿನ ಅವಳು ಬೀದಿಗೆಲ್ಲ ಸಿಹಿ ಹಂಚಿದ್ದಳು, ಪೀಡೆ ತೊಲಗಿತು ಅಂತ.

ಒಬ್ಬರೇ ಸಿಕ್ಕಾಗ ಅವನು ಮೆಲ್ಲಗೆ ಹೇಳಿದ: "ಅಕ್ಕಾ, ಕೈ ಮುಗೀತೀನಿ. ಆ ಹೆಸರು ಮಾತ್ರ ಇಲ್ಲಿ ಬಾಯಿ ಬಿಡಬೇಡಿ."

"ಇಲ್ಲ ಮಾರಾಯ... ಇಲ್ಲ ಸರ್" ಅಂದಳು ಅಕ್ಕ, ನಗು ತಡೆದು ತಡೆದು ಪಕ್ಕೆ ನೋಯುತ್ತಿದ್ದರೂ.

ಕಾರಿನಲ್ಲಿ ಕಣ್ಣು ಮುಚ್ಚುತ್ತಿದ್ದ ಹುಡುಗ ಕಾಗದದ ಮುಂದೆ ಕೂತರೆ ಹದ್ದಿನ ಕಣ್ಣಿನವನು. ಸೋರುವ ಚಾವಣಿ ರಿಪೇರಿ ಮಾಡದ ಮನೆ ಮಾಲೀಕರಿಗೆ ಅಕ್ಕ ತನ್ನ ಮೊದಲ ನೋಟಿಸು ಬರೆದಳು. ಬರೆದದ್ದು ಪುಟಗಟ್ಟಲೆ. ಬರೆಯುತ್ತಾ ಬರೆಯುತ್ತಾ ಆವೇಶ ಬಂದಿತ್ತು. ಜರ್ಕಪ್ಪ ಅದನ್ನು ಒಂದೇ ಪುಟಕ್ಕೆ ಇಳಿಸಿದ.

"ಅಕ್ಕ, 'ತಾವು ಮನುಷ್ಯರೇ' ಅಂತ ನೋಟಿಸಿನಲ್ಲಿ ಕೇಳೋ ಹಾಗಿಲ್ಲ."

"ಅವರು ಮನುಷ್ಯರಲ್ಲವಲ್ಲ ಸರ್!"

"ಇರಬಹುದು. ಆದ್ರೆ ಅದಕ್ಕೆ ಯಾವ ಕಾಯಿದೆಯಲ್ಲೂ ಪರಿಹಾರ ಇಲ್ಲ. ಚಾವಣಿಗೆ ಇದೆ. ಚಾವಣಿ ಬಗ್ಗೆ ಬರೀರಿ."

ಅಕ್ಕ ತಿದ್ದಿದ ಪುಟವನ್ನು ಮತ್ತೆ ಮತ್ತೆ ಓದಿದಳು. ಬೈಗುಳ ಒಂದೂ ಇಲ್ಲ, ಆದರೂ ಓದಿದವನು ಬೆವರಬೇಕು ಹಾಗಿತ್ತು. "ಅಬ್ಬಾ!" ಅಂದುಕೊಂಡಳು. ಆ ವಾರವೇ ಮಾಲೀಕರು ಚಾವಣಿ ರಿಪೇರಿಗೆ ಆಳು ಕಳಿಸಿದ ಸುದ್ದಿ ಬಂದಾಗ ಫೋನ್ ಇಡುವುದನ್ನೂ ಮರೆತು ಮೇಜು ಕುಟ್ಟಿದಳು.

ಶನಿವಾರ ಮಧ್ಯಾಹ್ನ ಆಫೀಸಿನ ಮೀಟಿಂಗ್ ಕೋಣೆ ಅಣಕು ಕೋರ್ಟ್ ಆಗುತ್ತಿತ್ತು. ದೊಡ್ಡ ಮೇಡಂ ಜಡ್ಜು. ಹೊಸಬರು ಒಂದು ಕಡೆ, ಗುರುಗಳು ಇನ್ನೊಂದು ಕಡೆ. ಅಕ್ಕನ ಮೊದಲ ಸರದಿ ಬಂದ ದಿನ ಏನಾಯಿತು ಅನ್ನುವುದನ್ನು ಆ ಆಫೀಸಿನವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅವಳು ಎದ್ದಳು. ಗಂಟಲು ಸರಿಮಾಡಿಕೊಂಡಳು. ಸಂತೆಯಲ್ಲೂ ಕೇಳಿಸುವ ದನಿಯಲ್ಲಿ ಶುರು ಮಾಡಿ, ಜಡ್ಜಿಗೆ ಹೀಗೆ ಯೋಚಿಸಿ, ಹಾಗೆ ಯೋಚಿಸಬೇಡಿ ಅಂತ ಪಾಠ ಹೇಳತೊಡಗಿದಳು. ಎದುರಿದ್ದ ಅವಳ ಗುರು ಆಕ್ಷೇಪಣೆ ಅಂತ ಎದ್ದ. ಕೂತ. ಮತ್ತೆ ಎದ್ದ. ಅಕ್ಕನಿಗೆ ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು.

"ಏಯ್ ಜರ್ಕಪ್ಪಾ, ಅಡ್ಡ ಬರಬೇಡ, ಎಡಕ್ಕೆ ಹೋಗು!"

ಜಡ್ಜಿನ ಸ್ಥಾನದಲ್ಲಿದ್ದ ದೊಡ್ಡ ಮೇಡಂ ಮೇಜಿಗೆ ಹಣೆ ಹಚ್ಚಿಕೊಂಡು ನಗತೊಡಗಿದರು. ಅವರು ನಕ್ಕ ಮೇಲೆ ಉಳಿದವರನ್ನು ಹಿಡಿಯುವವರು ಯಾರು? ಜರ್ಕಪ್ಪನ ಮುಖ ಟೊಮೆಟೊ ಆಯಿತು. ಆ ಗಳಿಗೆಯಿಂದ ಆಫೀಸಿನಲ್ಲಿ ಅವನ ನಿಜವಾದ ಹೆಸರನ್ನು ಕರೆದವರಿಲ್ಲ.

ನಗು ಇಳಿದ ಮೇಲೆ ದೊಡ್ಡ ಮೇಡಂ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ದನಿ ಚೆನ್ನಾಗಿದೆ, ಧೈರ್ಯ ಇದೆ. ಆದ್ರೆ ಜಡ್ಜು ನಿನ್ನ ಹತ್ರ ಕಲಿಯೋಕೆ ಬಂದಿರಲ್ಲ. ಮೊದಲು ನಿನಗೆ ಏನು ಬೇಕು ಅಂತ ಹೇಳು. ಆಮೇಲೆ ಯಾಕೆ ಬೇಕು ಹೇಳು. ಗೊತ್ತಿಲ್ಲದ್ದು ಕೇಳಿದ್ರೆ ಗೊತ್ತಿಲ್ಲ ಅನ್ನು. ಅಷ್ಟಾದ ಮೇಲೆ ಬಾಯಿ ಮುಚ್ಚು. ಕೊನೇದೇ ಕಷ್ಟ."

ಕೊನೆಯದು ಅಕ್ಕನಿಗೆ ನಿಜಕ್ಕೂ ಕಷ್ಟವಾಯಿತು. ಮನೆಯಲ್ಲಿ ಅಭ್ಯಾಸ ಶುರುವಾಯಿತು. "ನನಗೆ ಬೇಕಾಗಿರೋದು ಒಂದು ಲೋಟ ಚಹಾ. ಯಾಕಂದ್ರೆ ಬೆಳಗ್ಗೆಯಿಂದ ನಿಂತು ಕಾಲು ಬಿದ್ದುಹೋಗಿದೆ" ಅಂತ ಹೇಳಿ ಅವಳು ಕೂತರೆ, ಸೋಫಾದಲ್ಲಿ ಕಾಲು ಚಾಚಿದ್ದ ಅತ್ತೆ ಗಂಭೀರವಾಗಿ "ಅರ್ಜಿ ವಜಾ, ನನಗೂ ಒಂದು ಮಾಡ್ಕೊಂಡು ಬಾ" ಅನ್ನುತ್ತಿದ್ದರು. ಮೊದಲೆಲ್ಲ ಮೂಗು ಮುರಿಯುತ್ತಿದ್ದ ಅತ್ತೆಗೆ ಈಗ ಜಡ್ಜಿನ ಕೆಲಸ ಹಿಡಿಸಿಬಿಟ್ಟಿತ್ತು. ಸಂಜೆಯಾದರೆ "ಇವತ್ತು ಕೇಸಿಲ್ವಾ?" ಅಂತ ಅವರೇ ಕೇಳುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಮೂವರು ಅಕ್ಕತಂಗಿಯರು ಓಡೋಡಿ ಆಫೀಸಿಗೆ ಬಂದರು. ಅವರದು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಕಾರ್ಖಾನೆ, ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿ. ಕಟ್ಟಡ ಕೊಂಡ ಹೊಸ ಮಾಲೀಕನಿಗೆ ಇವರನ್ನು ಖಾಲಿ ಮಾಡಿಸಬೇಕಿತ್ತು. ಬಾಯಲ್ಲಿ ಹೇಳಿ ಸಾಕಾಗಿ, ಈಗ ಹೊರಗಿನ ಮೆಟ್ಟಿಲನ್ನೇ ಒಡೆಸಲು ಶುರು ಮಾಡಿದ್ದ. ಮೇಲೆ ಹೋಗಲು ಇದ್ದದ್ದು ಅದೊಂದೇ ಮೆಟ್ಟಿಲು.

"ಕೆಳಗಿನ ರೇಲಿಂಗ್ ಕಿತ್ತಾಯ್ತು ಮೇಡಂ. ನಾಳೆ ನಾಡಿದ್ದರಲ್ಲಿ ಮೆಟ್ಟಿಲೇ ಇರಲ್ಲ. ಮಿಷನ್‌ಗಳೆಲ್ಲ ಮೇಲೆ, ನಾವು ಕೆಳಗೆ!" ಅಂದಳು ಚಿಕ್ಕವಳು, ಮಾತಿನ ಮಧ್ಯೆ ಉಸಿರೆಳೆದುಕೊಳ್ಳುತ್ತಾ.

ದೊಡ್ಡ ಮೇಡಂ ಎಲ್ಲ ಕೇಳಿಸಿಕೊಂಡರು. ಉದ್ದನೆ ಮೇಜಿನ ಕಡೆ ತಿರುಗಿದರು. "ತಡೆಯಾಜ್ಞೆಗೆ ಅರ್ಜಿ ಹಾಕೋಣ. ಅಮ್ಮಾ, ಬರೆಯೋದು ನೀನು. ಕೋರ್ಟಲ್ಲಿ ನಿಲ್ಲೋದೂ ನೀನೇ."

ಅಕ್ಕ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗಾದರೂ ಹೇಳಿದರಾ ಅಂತ. ಹಿಂದೆ ಗೋಡೆ ಇತ್ತು.

"ನಾನಾ?"

"ಇನ್ನೆಷ್ಟು ದಿನ ಮೀಟಿಂಗ್ ಕೋಣೆಯಲ್ಲಿ ಕೂಗಾಡ್ತೀಯಾ? ಜರ್ಕಪ್ಪ ಹಿಂದೆ ಇರ್ತಾನೆ. ಬಾಯಿ ಹಾಕಲ್ಲ. ಒಂದು ಮಾತು ನೆನಪಿಡು: ಕಣ್ಣಲ್ಲಿ ನೋಡದ ಜಾಗದ ಬಗ್ಗೆ ಒಂದು ಸಾಲೂ ಬರೀಬೇಡ."

ಅವತ್ತೇ ಜರ್ಕಪ್ಪ ತನ್ನ ಕಾರು ತೆಗೆದ. ಅಕ್ಕ ಪಕ್ಕದಲ್ಲಿ ಕೂತಳು. ಹೊಲಿಗೆ ಕಾರ್ಖಾನೆಗೆ ಹೋಗಿ ಕಿತ್ತ ರೇಲಿಂಗ್ ನೋಡಿದರು, ಮೆಟ್ಟಿಲು ಹತ್ತಿಳಿದರು, ಫೋಟೊ ತೆಗೆದರು. ಅಕ್ಕ ಬಿಡಲಿಲ್ಲ, ಕಟ್ಟಡದ ಸುತ್ತ ಒಂದು ಸುತ್ತು ಹಾಕಿದಳು. ಹಿಂಭಾಗದಲ್ಲಿ ಸಣ್ಣದೊಂದು ಬಾಗಿಲಿತ್ತು. "ಇದೆಲ್ಲಿಗೆ ಹೋಗುತ್ತೆ?" ಅಂತ ಕೇಳಿ, ಅದರೊಳಗೂ ಹೋಗಿ ಬಂದಳು.

ವಾಪಸ್ ಬರುವಾಗ ಜರ್ಕಪ್ಪ ಹೇಳಿದ: "ಶುರು ಮಾಡಿ. ನಾನೇ ಜಡ್ಜು. ರಸ್ತೆ ನೋಡಬೇಡಿ, ನನ್ನ ಮುಖ ನೋಡಿ ಮಾತಾಡಿ."

"ನೀನು ಓಡಿಸ್ತಿರುವಾಗ ರಸ್ತೆ ನೋಡಬಾರದಾ?"

"ಸರ್ ಅನ್ನಿ. ಹೌದು, ನೋಡಬಾರದು. ಜಡ್ಜು ನಿಮ್ಮನ್ನ ಎಲ್ಲಿಗೆ ಬೇಕಾದ್ರೂ ತಿರುಗಿಸ್ತಾರೆ. ನೀವು ಹೆದರಬಾರದು."

ಅಕ್ಕ ವಾದ ಶುರು ಮಾಡಿದಳು. ಅವನು ಗೇರು ಬದಲಿಸುತ್ತಾ ಪ್ರಶ್ನೆ ಎಸೆದ. ಮುಂದೆ ಲಾರಿ ನಿಂತದ್ದು ಕಣ್ಣಂಚಿನಲ್ಲಿ ಕಂಡು ಅವಳ ಕಾಲು ಇಲ್ಲದ ಬ್ರೇಕನ್ನು ತುಳಿಯಿತು, ಬಾಯಿ ಮಾತ್ರ ನಿಲ್ಲಲಿಲ್ಲ. "ಅದಕ್ಕೆ ಆಧಾರ ಏನು?" "ಮುಖ್ಯ ವಿಷಯಕ್ಕೆ ಬನ್ನಿ!" "ಇದನ್ನ ಆಗಲೇ ಹೇಳಿದ್ರಿ!" ಅವನು ಒಂದಾದ ಮೇಲೊಂದು ಕೂಗಿದ. ಹಳೆಯದನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದಾನೆ ಅನ್ನಿಸಿದರೂ ಅವಳಿಗೆ ಖುಷಿಯೋ ಖುಷಿ. ಆಫೀಸಿನ ಮುಂದೆ ಕಾರು ಮೆತ್ತಗೆ ಬಂದು ನಿಂತಾಗ ಇಬ್ಬರೂ ಬೆವರಿದ್ದರು.

"ಹೇಗೆ?" ಅಂದಳು.

"ಪರವಾಗಿಲ್ಲ. ಡ್ರೈವಿಂಗು?"

"ಪರವಾಗಿಲ್ಲ" ಅಂದಳು ಅಕ್ಕ. ಒಳಗೊಳಗೆ, ನಾನು ಕಲಿಸಿದ್ದು, ಪರವಾಗಿಲ್ಲದೆ ಏನು ಅಂತ ಬೀಗಿದಳು.

ಕೋರ್ಟಿನ ದಿನ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಮಗಳು ಕೊರಳಿನ ಬಿಳಿ ಪಟ್ಟಿ ನೇರ ಮಾಡಿದಳು. ಗಂಡ ಕೋಟಿನ ಬೆನ್ನು ಕೊಡವಿದ, ಅಲ್ಲಿ ಧೂಳೇನೂ ಇರಲಿಲ್ಲ. ಅತ್ತೆ ಮಾತ್ರ ಹೇಳಿದರು: "ನನ್ನ ಮುಂದೆ ನಿಂತ ಹಾಗೇ ನಿಲ್ಲು. ಅಲ್ಲಿರೋರು ನನಗಿಂತ ಜೋರಿರಲ್ಲ."

ಕೋರ್ಟ್ ಹಾಲಿನಲ್ಲಿ ಬೆಂಚುಗಳು ತುಂಬಿದ್ದವು. ಮೂವರು ಅಕ್ಕತಂಗಿಯರು ಹಿಂದಿನ ಸಾಲಿನಲ್ಲಿ ಕೈಕೈ ಹಿಡಿದು ಕೂತಿದ್ದರು. ಕೇಸಿನ ನಂಬರು ಕೂಗಿದರು. ಅಕ್ಕ ಎದ್ದಳು. ಕಡತ ತೆರೆದರೆ ಪುಟ ತಲೆಕೆಳಗು. ತಿರುಗಿಸಿಕೊಂಡಳು. ಆಮೇಲೆ ಬಾಯಿ ತಾನಾಗಿ ತೆರೆಯಿತು.

"ಸ್ವಾಮಿ, ನಮಗೆ ಬೇಕಾಗಿರೋದು ಒಂದೇ. ಮೆಟ್ಟಿಲು ಒಡೆಯೋದನ್ನ ನಿಲ್ಲಿಸಬೇಕು. ಯಾಕಂದ್ರೆ ನಮ್ಮ ಕಕ್ಷಿದಾರರು ಕೆಲಸಕ್ಕೆ ಹೋಗೋಕೆ ಬೇರೆ ದಾರಿ ಇಲ್ಲ."

ಹೇಳಿದಳು, ಬಾಯಿ ಮುಚ್ಚಿದಳು. ಜಡ್ಜು ತಲೆಯೆತ್ತಿ ನೋಡಿದರು. ಇಷ್ಟು ಬೇಗ ನಿಲ್ಲಿಸುವವರನ್ನು ಅವರು ಬಹಳ ದಿನದಿಂದ ಕಂಡಿರಲಿಲ್ಲವೋ ಏನೋ.

ಎದುರು ಪಕ್ಷದ ವಕೀಲರು ಎದ್ದರು. ಹಳೇ ಹುಲಿ, ಚಿನ್ನದ ಕಟ್ಟಿನ ಕನ್ನಡಕ, ತುಟಿಯ ಮೇಲೆ ಸದಾ ನಗು. "ಸ್ವಾಮಿ, ಮೆಟ್ಟಿಲು ಶಿಥಿಲವಾಗಿದೆ. ಒಡೆಸ್ತಿರೋದು ಇವರ ಜೀವ ಉಳೀಲಿ ಅಂತಲೇ. ಇನ್ನು ದಾರಿ ಇಲ್ಲ ಅಂದ್ರಲ್ಲ, ಹಿಂದೆ ಬಾಗಿಲಿದೆ. ಪಾಪ, ನನ್ನ ವಕೀಲ ಮಿತ್ರರಿಗೆ ಅದನ್ನ ಯಾರೂ ಹೇಳಿಲ್ಲ ಅನ್ಸುತ್ತೆ."

ಬೆಂಚುಗಳಲ್ಲಿ ಸಣ್ಣಗೆ ನಗು ಎದ್ದಿತು. ಜಡ್ಜು ಅಕ್ಕನ ಕಡೆ ತಿರುಗಿದರು. "ಹಿಂದೆ ಬಾಗಿಲಿದೆಯಾ?"

"ಇದೆ ಸ್ವಾಮಿ. ನಾನೇ ಒಳಗೆ ಹೋಗಿ ನೋಡಿ ಬಂದೆ. ಅದು ಕೆಳಗಿನ ಔಷಧಿ ಅಂಗಡಿಯ ಗೋದಾಮಿಗೆ ತೆರ್ಕೊಳ್ಳುತ್ತೆ. ಅಲ್ಲಿಂದ ಮೇಲಕ್ಕೆ ಮೆಟ್ಟಿಲೂ ಇಲ್ಲ, ಏಣಿಯೂ ಇಲ್ಲ. ಫೋಟೊ ಅರ್ಜಿ ಜೊತೆ ಇಟ್ಟಿದ್ದೀವಿ."

ಜಡ್ಜು ಫೋಟೊ ನೋಡಿದರು. ಹಳೇ ಹುಲಿಯ ನಗು ಸ್ವಲ್ಪ ಸಣ್ಣದಾಯಿತು.

"ಸರಿ. ಮೆಟ್ಟಿಲು ಶಿಥಿಲ ಅಂತಾರಲ್ಲ, ಅದಕ್ಕೇನಂತೀರಿ? ಯಾರಾದ್ರೂ ಬಿದ್ದರೆ?" ಅಂದರು ಜಡ್ಜು.

ಇದನ್ನು ಕಾರಿನಲ್ಲಿ ಯಾರೂ ಕೇಳಿರಲಿಲ್ಲ. ಹಿಂದೆ ಜರ್ಕಪ್ಪನ ಕುರ್ಚಿ ಕಿರುಗುಟ್ಟಿತು. ಗಟ್ಟಿಯಾಗಿದೆ ಅಂತ ಹೇಳಿಬಿಡಲು ಅಕ್ಕನ ನಾಲಿಗೆ ತುದಿಗೆ ಮಾತು ಬಂದಿತ್ತು. ನುಂಗಿಕೊಂಡಳು.

"ಅದು ನನಗೆ ಗೊತ್ತಿಲ್ಲ ಸ್ವಾಮಿ. ನಾನು ಎಂಜಿನಿಯರಲ್ಲ. ಅವರೂ ಯಾವ ಎಂಜಿನಿಯರ್ ವರದಿಯನ್ನೂ ಕೊಟ್ಟಿಲ್ಲ. ಕೋರ್ಟಿನಿಂದಲೇ ಯಾರನ್ನಾದ್ರೂ ಕಳಿಸಿ ನೋಡಿಸಿ, ನಮ್ಮದೇನೂ ಅಡ್ಡಿ ಇಲ್ಲ. ಅಲ್ಲೀವರೆಗೆ ಸುತ್ತಿಗೆ ಕೆಳಗಿಡಲಿ."

ಜಡ್ಜು ಬರೆದುಕೊಂಡರು. ಆಮೇಲೆ ಆದೇಶ ಹೇಳಿದರು: ಎಂಜಿನಿಯರ್ ನೋಡಿ ವರದಿ ಕೊಡುವವರೆಗೆ ಮೆಟ್ಟಿಲನ್ನು ಮುಟ್ಟಕೂಡದು, ಕಿತ್ತ ರೇಲಿಂಗನ್ನು ಮಾಲೀಕರು ಮತ್ತೆ ಹಾಕಿಸಬೇಕು, ಬಾಡಿಗೆದಾರರು ಮೆಟ್ಟಿಲ ಮೇಲೆ ಬಟ್ಟೆಯ ಭಾರವಾದ ಗಂಟುಗಳನ್ನು ಇಡಬಾರದು.

ಅಕ್ಕ ನಿಂತೇ ಇದ್ದಳು. ಮುಂದಿನ ಕೇಸು ಕೂಗಿದರು, ಆಗಲೂ ನಿಂತಿದ್ದಳು. ಗುಮಾಸ್ತರು ಬಗ್ಗಿ ಪಿಸುಗುಟ್ಟಿದರು: "ಅಮ್ಮಾ, ಮುಗೀತು. ನೀವು ಹೋಗಬಹುದು."

ಹಾಲಿನಿಂದ ಹೊರಗೆ ಬರುವವರೆಗೆ ಹೇಗೋ ತಡೆದುಕೊಂಡರು. ಮೊಗಸಾಲೆಯಲ್ಲಿ ಗಲಾಟೆ ಮಾಡುವ ಹಾಗಿಲ್ಲ. ಐವರೂ ಬಾಯಿ ಬಿಗಿಹಿಡಿದು, ಸರಸರ ನಡೆದು, ಕಾರು ನಿಲ್ಲಿಸುವ ಜಾಗಕ್ಕೆ ಬಂದರು. ಅಲ್ಲಿ ಚಿಕ್ಕ ತಂಗಿ ಬ್ರೇಕ್ ಅಕ್ಕನ ಕೊರಳಿಗೆ ಬಿದ್ದಳು. ಅಕ್ಕ ಹಾಕಿದ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹಾರಿದವು.

"ಗೊತ್ತಿಲ್ಲ ಅಂದುಬಿಟ್ರಲ್ಲ ಅಕ್ಕ!" ಜರ್ಕಪ್ಪ ತಲೆ ಹಿಡಿದುಕೊಂಡ. "ನನ್ನ ಜೀವ ಬಾಯಿಗೆ ಬಂದಿತ್ತು. ನಾನಾಗಿದ್ರೆ ಹಾಗೆ ಹೇಳ್ತಿರಲಿಲ್ಲ. ಹೇಳ್ಬೇಕು ಅಂತ ಹೊಳೀತಾನೇ ಇರಲಿಲ್ಲ."

ಆಫೀಸಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಗೆದ್ದು ಬಂದರೂ ಸೋತು ಬಂದರೂ ಮೊದಲು ಎಲ್ಲಿ ಎಡವಿದೆ ಅನ್ನುವುದನ್ನು ಹೇಳಬೇಕು. ಅಕ್ಕ ಹೇಳಿದಳು: ಪುಟ ತಲೆಕೆಳಗಾದದ್ದು, ಮುಗಿದ ಮೇಲೂ ಕಂಬದ ಹಾಗೆ ನಿಂತದ್ದು, ಎಂಜಿನಿಯರ್ ವಿಷಯವನ್ನು ಮೊದಲೇ ಯೋಚಿಸಿ ಅರ್ಜಿಯಲ್ಲಿ ಬರೆಯದೆ ಇದ್ದದ್ದು. ದೊಡ್ಡ ಮೇಡಂ ಕೊನೆಯದಕ್ಕೆ ಮಾತ್ರ ತಲೆಯಾಡಿಸಿದರು. "ಅದು ನಿನ್ನದಷ್ಟೇ ಅಲ್ಲ, ಓದಿ ಸಹಿ ಹಾಕಿದ ನನ್ನದೂ ತಪ್ಪೇ" ಅಂದರು. ಆಮೇಲೆ "ಹೋಗು, ಮನೆಗೆ ಫೋನ್ ಮಾಡು. ಕಾಯ್ತಿರ್ತಾರೆ" ಅಂದರು. ಫೋನ್ ಎತ್ತಿದ್ದು ಅತ್ತೆ. ಸುದ್ದಿ ಕೇಳಿ ಅವರು ಫೋನನ್ನು ಕಿಟಕಿಯ ಹೊರಗೆ ಹಿಡಿದು, ಪಕ್ಕದ ಮನೆಯವರಿಗೆ ಕೇಳುವ ಹಾಗೆ, "ಇನ್ನೊಂದು ಸಲ ಹೇಳು" ಅಂದರು.

ಎಂಜಿನಿಯರ್ ವರದಿ ಬಂತು. ಮೆಟ್ಟಿಲಿಗೆ ರಿಪೇರಿ ಬೇಕು, ಒಡೆಯುವ ಅಗತ್ಯವಿಲ್ಲ ಅಂತ. ಮಾಲೀಕ ಇನ್ನಷ್ಟು ದಿನ ಹಾರಾಡಿ, ಕೊನೆಗೆ ರಾಜಿಗೆ ಬಂದ. ಅಕ್ಕತಂಗಿಯರು ಬಾಡಿಗೆಯ ಅವಧಿ ಮುಗಿಯುವವರೆಗೆ ಅಲ್ಲೇ ಇರುವುದೆಂದಾಯಿತು. ಅಕ್ಕನ ಎರಡನೇ ಕೇಸು ಮಾತ್ರ ಕೈಕೊಟ್ಟಿತು. ಕೆಲಸದಿಂದ ತೆಗೆದ ಒಬ್ಬ ಕಾವಲುಗಾರನ ಪರವಾಗಿ ನಿಂತು, ಎಲ್ಲ ಸರಿಯಾಗಿ ಹೇಳಿದೆ ಅಂದುಕೊಂಡರೂ ಸೋತಳು. ಅವತ್ತು ಮೇಜಿನ ಮುಂದೆ ಸುಮ್ಮನೆ ಕೂತವಳನ್ನು ನೋಡಿ ಹೊಸ ಹುಡುಗರಿಗೆ ಹೆದರಿಕೆಯಾಯಿತು, ಬ್ರೇಕ್ ಅಕ್ಕ ಮಾತಾಡದೆ ಕೂತದ್ದನ್ನು ಅವರು ನೋಡಿಯೇ ಇರಲಿಲ್ಲ. ಮರುದಿನ ಅವಳು ತೀರ್ಪನ್ನು ಸಾಲು ಸಾಲಾಗಿ ಓದಿಕೊಂಡು ಬಂದಿದ್ದಳು.

"ಸರ್, ಇಲ್ಲಿ ನೋಡಿ. ವಿಚಾರಣೆ ಮಾಡದೆ ತೆಗೆದ್ರು ಅನ್ನೋದಕ್ಕೆ ತೀರ್ಪಲ್ಲಿ ಉತ್ತರಾನೇ ಇಲ್ಲ. ಮೇಲ್ಮನವಿ ಹಾಕಬಹುದಲ್ವಾ?"

ಜರ್ಕಪ್ಪ ಓದಿದ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. "ಹಾಕಬಹುದು. ಅಲ್ಲ, ಹಾಕಲೇಬೇಕು!"

ವರ್ಷ ಮುಗಿದ ಮೇಲೆ ಆಫೀಸು ಅಕ್ಕನನ್ನು ಕಾಯಂ ಮಾಡಿಕೊಂಡಿತು. ಹಾಗಂತ ದೊಡ್ಡ ಮೇಡಂ ಬಾಗಿಲಲ್ಲಿ ನಿಂತು ಹೇಳಿದಾಗಲೂ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಮೇಲ್ಮನವಿಯ ಮೊದಲ ವಾಕ್ಯ ಹೇಗಿರಬೇಕು ಅಂತ ಅವಳೂ ಜರ್ಕಪ್ಪನೂ ಏರಿದ ದನಿಯಲ್ಲಿ ಜಗಳ ಆಡುತ್ತಿದ್ದರು.